ಪ್ಯಾಟರ್ನ್ ಹೇಳು ಅಂದರೆ

ಸೋಮವಾರಪೇಟೆ ಕಡೆ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಹಾಕಿಸಲು ಬಂದವರು ಟೀ ಕುಡಿದು ಬನ್ನಿ ಅಂದರೂ ಸ್ಟೂಲ್ ಬಿಟ್ಟು ಏಳುವುದಿಲ್ಲ. ಅದು ಸರಿಯೇ. ಲಾಕ್ ತೆಗೆದ ಫೋನಲ್ಲಿ ಮನುಷ್ಯನ ಪೂರ್ತಿ ಬದುಕೇ ಇರುತ್ತದೆ: ಮಗುವಿನ ಎಕ್ಸ್‌ರೇ, ಬ್ಯಾಂಕ್ ಮೆಸೇಜು, ಗಂಡ ಹೆಂಡತಿ ಜಗಳ.

ಕಳೆದ ಕಾಫಿ ಕೊಯ್ಲಿನ ಹೊತ್ತಲ್ಲಿ ಅಸ್ಸಾಂನ ಹುಡುಗನೊಬ್ಬ ಬಂದ. ತೋಟದ ಕೆಲಸದವನು. ಸಂತೆಗೆ ಬರುವಾಗ ದಾರಿಯಲ್ಲಿ ಪೊಲೀಸರು ಫೋನ್ ತಗೊಂಡು ಪ್ಯಾಟರ್ನ್ ಹೇಳು ಅಂದರಂತೆ. ವಾಟ್ಸಾಪ್, ಗ್ಯಾಲರಿ ಎಲ್ಲ ನೋಡಿ ವಾಪಸ್ ಕೊಟ್ಟರಂತೆ. ಕೇಸಿಲ್ಲ, ಚೀಟಿಯಿಲ್ಲ. "ಭಯ್ಯಾ, ಒಳಗೆ ಏನಾದ್ರೂ ಹಾಕಿದ್ದಾರಾ ನೋಡಿ" ಅಂದ. ವಾಟ್ಸಾಪ್ ಬೇರೆ ಯಾವ ಫೋನ್, ಕಂಪ್ಯೂಟರಿನಲ್ಲಿ ತೆರೆದಿದೆ ಅಂತ ತೋರಿಸುವ ಲಿಂಕ್ಡ್ ಡಿವೈಸಸ್ ನೋಡಿದೆ, ಆ್ಯಪ್‌ಗಳ ಪಟ್ಟಿ ನೋಡಿದೆ. ಏನೂ ಇರಲಿಲ್ಲ. ಆದರೆ ಅವನ ಹೆಂಡತಿಯ ಫೋಟೋವನ್ನು ಇನ್ನೊಂದು ಫೋನಿಂದ ಯಾರಾದರೂ ಹೊಡೆದುಕೊಂಡಿದ್ದರೆ? ಅದಕ್ಕೆ ಗುರುತೇ ಉಳಿಯುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ಜಡ್ಜ್ ಆಗಿದ್ದವರು. 2021ರಲ್ಲಿ ವೀರೇಂದ್ರ ಖನ್ನಾ ಕೇಸಿನಲ್ಲಿ ಅದೇ ಹೈಕೋರ್ಟು ಇನ್ನೂ ಬಿಡಿಸಿ ಹೇಳಿತು: ಪೊಲೀಸರು ಪಾಸ್‌ವರ್ಡ್ ಕೇಳಬಹುದು, ಕೊಡದಿದ್ದರೆ ವಾರಂಟ್ ತರಬೇಕು. ತೀರಾ ತುರ್ತಾದರೆ ಮಾತ್ರ ವಾರಂಟಿಲ್ಲದೆ ನೋಡಬಹುದು, ಆಗಲೂ ಕಾರಣ ಬರೆದಿಡಬೇಕು. ಇದು ಕೇಸು ಬಿದ್ದವರ ಮಾತು. ನಮ್ಮ ಹುಡುಗನ ಮೇಲೆ ಕೇಸೇ ಇರಲಿಲ್ಲವಲ್ಲ!

ನಮ್ಮ ಖಾಸಗಿ ಮಾಹಿತಿಗಾಗಿ ಮಾಡಿದ 2023ರ ಡೇಟಾ ಕಾಯ್ದೆ ಕಾಪಾಡುತ್ತದೆ ಅಂದುಕೊಂಡವರು ಅದರ 17ನೇ ಸೆಕ್ಷನ್ ಓದಬೇಕು. ಅಪರಾಧ ತಡೆಯಲು, ತನಿಖೆ ಮಾಡಲು ಬಳಸುವ ಮಾಹಿತಿಗೆ ನಮ್ಮ ಒಪ್ಪಿಗೆಯೇ ಬೇಕಿಲ್ಲ. ಕೇಂದ್ರ ಸರ್ಕಾರ ಯಾವುದಾದರೂ ಸರ್ಕಾರಿ ಸಂಸ್ಥೆಯನ್ನು ಕಾಯ್ದೆಯಿಂದ ಪೂರ್ತಿ ಹೊರಗಿಡಲೂ ಬಹುದು. ಅಂಗಡಿಯವನಾದ ನನಗೆ ಇರುವಷ್ಟು ಕಟ್ಟುಪಾಡೂ ಪೊಲೀಸರಿಗಿಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ.

ಪೊಲೀಸರ ಕೆಲಸ ಕಷ್ಟದ್ದು, ಗಡಿ ಜಿಲ್ಲೆ ಬೇರೆ, ಒಪ್ಪುತ್ತೇನೆ. ಕಳ್ಳನ ಫೋನ್ ನೋಡಲಿ. ಆದರೆ ರಸ್ತೆ ಬದಿ ನಿಂತವನು, ಕನ್ನಡ ಸರಿಯಾಗಿ ಬಾರದವನು, ಯೂನಿಫಾರ್ಮ್ ಮುಂದೆ "ವಾರಂಟ್ ಎಲ್ಲಿ ಸಾರ್" ಅನ್ನುತ್ತಾನಾ? ಅವನು ಕೇಳಬೇಕಾಗಿಯೇ ಬರಬಾರದು. ಫೋನ್ ತೆರೆದವರು ಯಾರು, ಯಾಕೆ, ಎಷ್ಟು ಹೊತ್ತು ಅಂತ ಅಲ್ಲೇ ಬರೆದು ಸಹಿ ಹಾಕಬೇಕು. ಒಂದು ಪ್ರತಿ ಅವನ ಕೈಗೆ ಕೊಡಬೇಕು, ಅವನು ಓದಬಲ್ಲ ಭಾಷೆಯಲ್ಲಿ.