ಕೊಕ್ಕರೆ ಸೈಕಲ್ಲು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹಳೆಯ ಸಾಮಾನಿನ ಸಂತೆಯಲ್ಲಿ 40 ಪೌಂಡಿಗೆ ಕೊಂಡಿದ್ದ ರ್‍ಯಾಲೇ ಸೈಕಲ್ಲನ್ನು ಕಳೆದ ಭಾನುವಾರ ಹಿತ್ತಿಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಉಪ್ಪುಕಾಗದದಿಂದ ಉಜ್ಜಲು ಹೊರಟಿದ್ದೆ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದಲೇ ಕೂಗಿ ತಡೆದರು. 2002ರಲ್ಲಿ ಈ ಊರಿನಲ್ಲಿ ರ್‍ಯಾಲೇ ಸೈಕಲ್ಲಿನ ತಯಾರಿಕೆ ನಿಲ್ಲುವವರೆಗೂ ಅವರು ಅದೇ ಕಾರ್ಖಾನೆಯಲ್ಲಿ ದುಡಿದವರು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ತಿಕ್ಕಿದರೆ, ಅದು ಕ್ರೋಮಿಗಿಂತ ಮೆದುವಾದ್ದರಿಂದ, ಗೀರು ಬೀಳದೆ ತುಕ್ಕು ಬಿಡುತ್ತದೆ ಎಂದರು. ಹಸಿರು ಬಣ್ಣ, ಅದರ ಮೇಲಿನ ಚಿನ್ನದ ಗೆರೆ ಎಷ್ಟೇ ಮಾಸಿದ್ದರೂ ಹೊಸ ಬಣ್ಣ ಬಳಿಯಬಾರದು, ಬಳಿದರೆ ಬೆಲೆ ಇಳಿಯುತ್ತದೆ ಎಂದು ಎರಡು ಸಲ ಹೇಳಿದರು. ಹಿಂದಿನ ಚಕ್ರದ ನಡುವಿನ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬಿನ ಮೇಲೆ ಗಟ್ಟಿಯಾಗಿದ್ದ ಗ್ರೀಸನ್ನು ಅವರೇ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ 62 ಮತ್ತು 5 ಎಂಬ ಅಂಕಿಗಳು ಕಂಡವು: ಹಬ್ಬು ತಯಾರಾದದ್ದು 1962ರ ಮೇ ತಿಂಗಳಲ್ಲಿ. ಅವರ ಮುಖದಲ್ಲಿ ಜಾತಕ ಕೂಡಿಬಂದವರ ಸಂತೋಷವಿತ್ತು.

ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆಯಲ್ಲಿದ್ದ ಕೊಕ್ಕರೆಯ ತಲೆಯನ್ನು ಒರೆಸುತ್ತಾ, ಬೆಂಗಳೂರಿನ ಗವಿಪುರದಲ್ಲಿ ತಾತನಿಗೂ ಇಂಥದ್ದೇ ಸೈಕಲ್ಲಿತ್ತು, ಬೀದಿಯ ಮಕ್ಕಳೆಲ್ಲ ಅದನ್ನು ಕೊಕ್ಕರೆ ಸೈಕಲ್ಲೆಂದೇ ಕರೆಯುತ್ತಿದ್ದೆವು ಎಂದು ಮಗಳಿಗೆ ಹೇಳಿದೆ. ಅವಳು ಬಿಲ್ಲೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಎಂಬ ಅಕ್ಷರಗಳ ಮೇಲೆ ಬೆರಳಾಡಿಸಿ ಕೇಳಿದಳು: "ಅಪ್ಪಾ, ತಾತನ ಸೈಕಲ್ ಮೇಲೂ ನಮ್ಮೂರಿನ ಹೆಸರೇ ಇತ್ತಾ?"

ನಮ್ಮೂರು ಎಂಬ ಮಾತನ್ನು ನಾನು ಗವಿಪುರಕ್ಕೆ ಮಾತ್ರ ಮೀಸಲಿಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಶ್ಚಿಮ ಬಂಗಾಳದ ಅಸನ್ಸೋಲಿನ ಸೆನ್-ರ್‍ಯಾಲೇ ಕಾರ್ಖಾನೆಯ ಸೈಕಲ್ಲುಗಳೂ ನಮ್ಮಲ್ಲಿ ಓಡಾಡುತ್ತಿದ್ದವು. ಅಪ್ಪನದು ಎಲ್ಲಿಯದೋ ನಾನು ನೋಡಿರಲೇ ಇಲ್ಲ. ಅದರ ಮುಂದಿನ ಅಡ್ಡಪಟ್ಟಿಯ ಮೇಲೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಂಡು, ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಉಸಿರು ಕಟ್ಟಿ ತುಳಿಯುತ್ತಿದ್ದ ಅಪ್ಪ ತೀರಿಕೊಂಡ ವರ್ಷವೇ, ಮನೆ ಖಾಲಿ ಮಾಡುವ ಅವಸರದಲ್ಲಿ, ಗುಜರಿಯವನ ತಕ್ಕಡಿಗೆ ಅದನ್ನು ಏರಿಸಿದವನು ನಾನೇ. ಹಳೆಯದನ್ನು ಕಿಲೋ ಲೆಕ್ಕದಲ್ಲಿ ಅಳೆಯುವ ನಮ್ಮೂರಿನ ಅಭ್ಯಾಸವನ್ನು ಈಗ ಬೈಯಲು ನನಗೆ ಬಾಯಿಲ್ಲ.

ರಾತ್ರಿ ಅಮ್ಮನಿಗೆ ಫೋನು ಮಾಡಿ, ಬಿಲ್ಲೆಯ ಮೇಲೆ ಏನು ಬರೆದಿತ್ತೆಂದು ಕೇಳಿದೆ.

"ಯಾರು ಓದಿದ್ದರೋ ಅದನ್ನ! ವರ್ಷಾ ವರ್ಷಾ ಆಯುಧಪೂಜೆಗೆ ಅದರ ಮೇಲೇ ಅಲ್ಲವಾ ನಾನು ಕುಂಕುಮ ಹಚ್ಚುತ್ತಿದ್ದದ್ದು? ನಿಮ್ಮಪ್ಪ ಒರೆಸೋದಕ್ಕೆ ಬಿಡುತ್ತಿರಲಿಲ್ಲ."