ರೆಕಾರ್ಡರ್ ಕೌಂಟರಿನಲ್ಲಿ ಒಂದು ಹೆಸರು ಹುಡುಕಿದ್ದು

ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ (ನಮ್ಮ ಜಿಲ್ಲೆಯ ಥರ) ರೆಕಾರ್ಡರ್ ಕಚೇರಿಯಲ್ಲಿ, ಅಂದರೆ ಆಸ್ತಿ ಪತ್ರಗಳನ್ನು ದಾಖಲಿಸುವಲ್ಲಿ, ನಾನು ಕೆಲಸಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಎಪ್ಪತ್ತರ ಆಸುಪಾಸಿನ ಅಮ್ಮ ಒಬ್ಬರು ಕೌಂಟರಿಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಮರಣ ಪ್ರಮಾಣಪತ್ರ. ಇಂಗ್ಲಿಷಿನಲ್ಲಿ ಶುರು ಮಾಡಿದವರು ನನ್ನ ಬ್ಯಾಡ್ಜಿನ ಹೆಸರು ನೋಡಿ ಕನ್ನಡಕ್ಕೆ ಬಂದರು. ಮನೆ ಇಬ್ಬರ ಹೆಸರಲ್ಲಿದೆ, ಈಗ ಯಜಮಾನರ ಹೆಸರು ತೆಗೆಸಬೇಕು, ಅದಕ್ಕೆ ಹಳೇ ಪತ್ರದ ನಂಬರ್ ಬೇಕಂತೆ, ಪತ್ರ ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ ಅಂದರು.

ಯಜಮಾನರ ಹೆಸರು ಕೇಳಿ ಟೈಪ್ ಮಾಡಿದೆ. ಏನೂ ಬರಲಿಲ್ಲ. ಅಮ್ಮನ ಹೆಸರು ಹಾಕಿದೆ. ಅದೂ ಇಲ್ಲ. ಅವರ ಹಿಂದೆ ಹತ್ತು ಹನ್ನೆರಡು ಜನ ಸಾಲಲ್ಲಿ ನಿಂತಿದ್ದರು. ಅಮ್ಮನ ವಿಳಾಸದ ಊರು ಪಕ್ಕದ ಕೌಂಟಿಯ ಗಡಿಗೆ ಅಂಟಿಕೊಂಡಿದ್ದ ಊರು. "ಇಲ್ಲಿ ರೆಕಾರ್ಡ್ ಇಲ್ಲ ಅಮ್ಮ, ಪಕ್ಕದ ಕೌಂಟಿಯಲ್ಲಿ ಕೇಳಿ ನೋಡಿ" ಅಂದುಬಿಟ್ಟೆ.

ಅವರು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರು. ಆ ಮನೆ ತಮ್ಮ ಕೌಂಟಿಯದೇ ಅಲ್ಲ ಅಂತ ಅಲ್ಲಿಂದ ವಾಪಸ್ ಕಳಿಸಿದರಂತೆ. ಬುಧವಾರ ಮತ್ತೆ ನನ್ನೆದುರು ಬಂದು ನಿಂತರು. ಬೈಯಲಿಲ್ಲ. "ಮನೆ ಇದೆಯಲ್ಲಮ್ಮ, ನಾನು ಅದರಲ್ಲೇ ಇದೀನಿ. ಪತ್ರ ಇಲ್ಲ ಅಂದ್ರೆ ಹೇಗೆ?" ಅಂದರು, ಅಷ್ಟೇ.

ಪತ್ರ ಇತ್ತು. ನಮ್ಮಲ್ಲೇ ಇತ್ತು. ಹುಡುಕಲು ಬರದಿದ್ದದ್ದು ನನಗೆ.

ನಾನಿರುವ ರೆಕಾರ್ಡರ್ ಕಚೇರಿಯನ್ನು ನಮ್ಮ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಥರ ಅಂದುಕೊಳ್ಳಿ, ಆದರೆ ಪೂರ್ತಿ ಹಾಗಲ್ಲ. ಇಲ್ಲಿ ಮಾರುವವರು ಕೊಳ್ಳುವವರು ನಮ್ಮ ಮುಂದೆ ಬಂದು ಹೆಬ್ಬೆಟ್ಟು ಒತ್ತುವುದಿಲ್ಲ. ನೋಟರಿಯ ಮುಂದೆ ಸಹಿ ಆಗಿರುತ್ತದೆ. ನಾವು ಪತ್ರ ಸರಿಯಾದ ರೂಪದಲ್ಲಿದೆಯಾ ನೋಡುತ್ತೇವೆ, ಶುಲ್ಕ ತೆಗೆದುಕೊಳ್ಳುತ್ತೇವೆ, ದಿನ, ಸಮಯ, ನಂಬರ್ ಹಾಕಿ ಇಂಡೆಕ್ಸಿಗೆ ಸೇರಿಸುತ್ತೇವೆ. ಆ ದಿನ ಮತ್ತು ಸಮಯಕ್ಕೆ ಇಲ್ಲಿ ತುಂಬಾ ಬೆಲೆ. ಒಂದೇ ಮನೆಯನ್ನು ಇಬ್ಬರಿಗೆ ಮಾರಿದ್ದರೆ, ಇನ್ನೊಬ್ಬರ ವಿಷಯ ಗೊತ್ತಿಲ್ಲದೆ ದುಡ್ಡು ಕೊಟ್ಟು ಮೊದಲು ರೆಕಾರ್ಡ್ ಮಾಡಿಸಿದವರು ಗೆಲ್ಲುತ್ತಾರೆ. ನಮ್ಮ 1908ರ ನೋಂದಣಿ ಕಾಯ್ದೆಯಲ್ಲಿ ಲೆಕ್ಕ ಬೇರೆ. ಅಲ್ಲಿ ನೋಂದಣಿ ಆದ ಪತ್ರ ಬರೆದುಕೊಟ್ಟ ದಿನದಿಂದಲೇ ನಡೆಯುತ್ತದೆ, ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳು ಸಮಯವೂ ಇದೆ. ಆ ಅಭ್ಯಾಸದಲ್ಲಿ ಬೆಳೆದ ನಮ್ಮವರು ಕೆಲವರು ಇಲ್ಲಿ ಸಹಿಯಾದ ಪತ್ರವನ್ನು ಬೀರುವಿನಲ್ಲಿ ಇಟ್ಟುಕೊಂಡು ನಿಶ್ಚಿಂತೆಯಿಂದ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ವ್ಯತ್ಯಾಸವೇ ನನ್ನನ್ನು ಅವತ್ತು ಎಡವಿಸಿದ್ದು. ನಮ್ಮೂರಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಲು ಸರ್ವೆ ನಂಬರ್, ಸೈಟ್ ನಂಬರ್, ಚಕ್ಕುಬಂದಿ ಕೊಡುತ್ತೇವೆ. ಆಸ್ತಿಯಿಂದ ಹುಡುಕುತ್ತೇವೆ. ಇಲ್ಲಿ ರೆಕಾರ್ಡರ್ ಇಂಡೆಕ್ಸ್ ಇರುವುದು ಹೆಸರಿನ ಮೇಲೆ. ಕೊಟ್ಟವರು ಗ್ರ್ಯಾಂಟರ್, ಪಡೆದವರು ಗ್ರ್ಯಾಂಟೀ. ಮನೆಯ ವಿಳಾಸ ಹಾಕಿ ಹುಡುಕಲು ಆಗುವುದಿಲ್ಲ. ಕೌಂಟರಿಗೆ ಬರುವ ಹೆಚ್ಚಿನ ಜನ ವಿಳಾಸ ಹಿಡಿದುಕೊಂಡೇ ಬರುತ್ತಾರೆ, ನಾವು ಹೆಸರು ಕೇಳುತ್ತೇವೆ.

ಬುಧವಾರ ನನ್ನ ಪಕ್ಕದ ಕೌಂಟರಿನ ಹಿರಿಯರೊಬ್ಬರು ಎದ್ದು ಬಂದರು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಅವರು ಹೆಸರನ್ನು ಮುಟ್ಟಲೇ ಇಲ್ಲ. ಅಮ್ಮನನ್ನು ಮೇಲಿನ ಮಹಡಿಯ ಅಸೆಸರ್ ಕಚೇರಿಗೆ ಕರೆದುಕೊಂಡು ಹೋದರು. ಆಸ್ತಿ ತೆರಿಗೆಗೆ ಮನೆಯ ಬೆಲೆ ಕಟ್ಟುವವರು ಅವರು. ಅವರ ಹತ್ತಿರ ವಿಳಾಸ ಹೇಳಿದರೆ ಪಾರ್ಸೆಲ್ ನಂಬರ್, ಅಂದರೆ ಆ ಜಾಗದ ಗುರುತಿನ ನಂಬರ್ ಸಿಗುತ್ತದೆ, ಆ ಪಾರ್ಸೆಲ್‌ಗೆ ಕೊನೆಯದಾಗಿ ಆದ ವರ್ಗಾವಣೆಯ ರೆಕಾರ್ಡಿಂಗ್ ನಂಬರೂ ಸಿಗುತ್ತದೆ. ಆ ನಂಬರ್ ಚೀಟಿಯಲ್ಲಿ ಬರೆದುಕೊಂಡು ಕೆಳಗೆ ಬಂದರು. ಹಾಕಿದ ಕೂಡಲೇ ಪತ್ರ ತೆರೆಯಿತು.

ಅದರಲ್ಲಿದ್ದ ಹೆಸರು ನೋಡಿ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಯಜಮಾನರದ್ದು ನಮ್ಮ ಕಡೆಯ ಹೆಸರು, ಎರಡು ಇನಿಷಿಯಲ್, ಆಮೇಲೆ ಹೆಸರು. ಒಂದು ಇನಿಷಿಯಲ್ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಲು ಹೇಳಿದ್ದಾರೆ. ಅಪ್ಪನ ಹೆಸರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂತಿದೆ. ಮನೆ ಕೊಂಡಾಗ ಪಾಸ್‌ಪೋರ್ಟ್ ನೋಡಿಕೊಂಡು ಪತ್ರ ತಯಾರಿಸಿದ್ದಾರೆ. ಹಾಗಾಗಿ ಇಂಡೆಕ್ಸಿನಲ್ಲಿ ಆ ಮನೆ ಇದ್ದದ್ದು ಅವರ ತಂದೆಯ ಹೆಸರಿನ ಕೆಳಗೆ. ಅಮ್ಮನ ಕಥೆ ಇನ್ನೂ ಬೇರೆ. ಅವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಹಾಗಿದ್ದಾಗ ಅಮೆರಿಕದ ವೀಸಾದಲ್ಲಿ ಆ ಒಂದು ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ತನ್ನದೇ ಮನೆಯ ಪತ್ರದಲ್ಲಿ ಮೊದಲ ಹೆಸರು ಗೊತ್ತಿಲ್ಲದವಳಾಗಿ ಇದ್ದರು. ನಾನು ಗಂಡನ ಹೆಸರನ್ನು ಸರ್‌ನೇಮ್ ಅಂತ ಹಾಕಿ ಹುಡುಕಿದ್ದೆ. ಎಲ್ಲಿಂದ ಸಿಗಬೇಕು?

ಬೇರೆ ಯಾರಿಗಾದರೂ ಇದು ಹೊಳೆಯದೇ ಇದ್ದರೆ ಸರಿ. ನಾನು ತುಮಕೂರಿನವಳು. ನನ್ನ ತಂದೆಗೂ ಎರಡು ಇನಿಷಿಯಲ್. ನನಗೆ ಹೊಳೆಯಬೇಕಿತ್ತು. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಅವತ್ತಿನಿಂದ ನಾನು ಹುಡುಕುವ ರೀತಿಯೇ ಬದಲಾಯಿತು. ನಮ್ಮ ಕಡೆಯವರು ಬಂದರೆ ಮೊದಲು ಪಾಸ್‌ಪೋರ್ಟಿನಲ್ಲಿ ಹೇಗಿದೆ ಅಂತ ಕೇಳುತ್ತೇನೆ. ಆಮೇಲೆ ಅಪ್ಪನ ಹೆಸರು, ಆಮೇಲೆ ಊರು. ಹೆಸರನ್ನು ಹಿಂದುಮುಂದು ಮಾಡಿ ಹಾಕುತ್ತೇನೆ. ಲಕ್ಷ್ಮಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ ಬರೆಯುವವರಿದ್ದಾರೆ, ಕೆ ಎಸ್ ಎಚ್ ಹಾಕಿ ಬರೆಯುವವರಿದ್ದಾರೆ. ಕೃಷ್ಣಮೂರ್ತಿ ಒಂದೇ ಪದವೂ ಹೌದು, ಎರಡು ಪದವೂ ಹೌದು. ಕಂಪ್ಯೂಟರಿಗೆ ಅವರೆಲ್ಲ ಬೇರೆ ಬೇರೆ ಮನುಷ್ಯರು. ಪೂರ್ತಿ ಹೆಸರು ಹೊಡೆಯುವ ಬದಲು ಮೊದಲ ನಾಲ್ಕೈದು ಅಕ್ಷರ ಹೊಡೆದು ಪಟ್ಟಿಯನ್ನು ಕಣ್ಣಲ್ಲಿ ನೋಡುವುದು ಎಷ್ಟೋ ವಾಸಿ. ಏನೂ ಸಿಗದಿದ್ದರೆ ಅಸೆಸರ್ ಹತ್ತಿರ ಹೋಗಿ ನಂಬರ್ ತರುತ್ತೇನೆ. "ರೆಕಾರ್ಡ್ ಇಲ್ಲ" ಅನ್ನುವ ಮಾತನ್ನು ಬಿಟ್ಟಿದ್ದೇನೆ. "ಈ ಹೆಸರಲ್ಲಿ ನನಗೆ ಇನ್ನೂ ಸಿಕ್ಕಿಲ್ಲ" ಅನ್ನುತ್ತೇನೆ.

ಮನೆ ಸಾಲ ತೀರಿಸಿದವರಿಗೂ ಇದೇ ತೊಂದರೆ. ಸಾಲ ತೀರಿದ ಮೇಲೆ ಬರುವ ಪತ್ರಕ್ಕೆ ಇಲ್ಲಿ ರೀಕನ್ವೇಯನ್ಸ್ ಅನ್ನುತ್ತಾರೆ. ಸಾಲ ಕೊಟ್ಟವರು 30 ದಿನದೊಳಗೆ ಟ್ರಸ್ಟಿಗೆ (ಸಾಲ ತೀರುವವರೆಗೆ ಮನೆಯ ಹಕ್ಕನ್ನು ಭದ್ರತೆಗಾಗಿ ಹಿಡಿದಿಟ್ಟುಕೊಂಡವರಿಗೆ) ಕಾಗದ ಕೊಡಬೇಕು, ಟ್ರಸ್ಟಿ 21 ದಿನದೊಳಗೆ ನಮ್ಮಲ್ಲಿ ರೆಕಾರ್ಡಿಗೆ ಹಾಕಬೇಕು. ಜನ ಅದನ್ನು ಬ್ಯಾಂಕಿನ ಹೆಸರಿನಲ್ಲಿ ಹುಡುಕಿ ಸುಸ್ತಾಗುತ್ತಾರೆ. ನಿಮ್ಮ ಹೆಸರಿನಲ್ಲೇ, ಗ್ರ್ಯಾಂಟೀ ಕಡೆ ಹುಡುಕಿ. ಸಾಲ ಮಾಡಿದಾಗ ನೀವು ಕೊಟ್ಟವರು, ತೀರಿದಾಗ ಮರಳಿ ಪಡೆದವರು, ಅಲ್ವಾ? ಮನೆ ಮಾರುವ ವಾರ ಬಂದಾಗ ಹುಡುಕಬೇಡಿ. ಸಾಲ ತೀರಿಸಿ ಎರಡು ತಿಂಗಳಾದ ಮೇಲೆ ಒಮ್ಮೆ ನೋಡಿಬಿಡಿ.

ರೆಕಾರ್ಡ್ ಮಾಡಿಸುವಾಗಲೂ ಹೆಸರೇ ಮುಖ್ಯ. ಹಳೇ ಪತ್ರದಲ್ಲಿ ಅಕ್ಷರ ಹೇಗಿದೆಯೋ ಹಾಗೇ ಬರೆಯಿರಿ. ನಡುವೆ ಹೆಸರು ಬದಲಾಗಿದ್ದರೆ, ಯಾವ ಹೆಸರಲ್ಲಿ ಮನೆ ಪಡೆದಿರೋ ಆ ಹೆಸರನ್ನೂ ಹೊಸ ಪತ್ರದಲ್ಲಿ ಹೇಳಬೇಕು. ಕ್ಯಾಲಿಫೋರ್ನಿಯಾದ ಕಾನೂನೇ ಹಾಗೆ ಹೇಳುತ್ತದೆ. ನಾವು ಎರಡೂ ಹೆಸರನ್ನು ಇಂಡೆಕ್ಸಿಗೆ ಹಾಕುತ್ತೇವೆ, ಮನೆ ಒಬ್ಬರಿಂದ ಒಬ್ಬರಿಗೆ ಬಂದ ಸರಪಳಿ ಕಡಿಯುವುದಿಲ್ಲ. ಊರಲ್ಲಿರುವ ಅಪ್ಪ ಅಮ್ಮನ ಸಹಿ ಬೇಕಾದವರು ಇದನ್ನು ಜಾಸ್ತಿ ಗಮನಿಸಿ. ಅವರು ಅಮೆರಿಕದ ಕಾನ್ಸುಲೇಟಿನಲ್ಲಿ ಸಹಿ ಮಾಡಬಹುದು, ಮುದ್ರೆಯೊಂದಕ್ಕೆ 50 ಡಾಲರ್. ಇಲ್ಲವೇ ಊರಿನ ನೋಟರಿ ಮುಂದೆ ಸಹಿ ಮಾಡಿ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಹಾಕಿಸಬಹುದು. ಪತ್ರದಲ್ಲಿ ಒಂದು ಹೆಸರು, ನೋಟರಿ ಬರೆದದ್ದರಲ್ಲಿ ಇನ್ನೊಂದು ಹೆಸರು ಇದ್ದರೆ ವಾಪಸ್ ಕಳಿಸಬೇಕಾಗುತ್ತದೆ. ಮುದ್ರೆ ಮಸುಕಾಗಿ ಸ್ಕ್ಯಾನಿನಲ್ಲಿ ಓದಲು ಬರದಿದ್ದರೂ ಅಷ್ಟೇ. ಎಪ್ಪತ್ತೈದು ವರ್ಷದವರು ಚೆನ್ನೈವರೆಗೆ ಹೋಗಿ ಮಾಡಿದ ಸಹಿಯನ್ನು ಒಂದು ಅಕ್ಷರಕ್ಕಾಗಿ ಹಿಂದಿರುಗಿಸುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಯಾವ ಫಾರಂ ತುಂಬಬೇಕು ಅಂತ ನಾವು ಹೇಳುವ ಹಾಗಿಲ್ಲ. ಕಾನೂನು ಸಲಹೆ ಕೊಡಲು ನಮಗೆ ಅನುಮತಿ ಇಲ್ಲ. "ಕನ್ನಡದವರಾಗಿ ಇಷ್ಟೂ ಹೇಳಲ್ವಾ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯಲ್ಲೂ ಸಾರ್ವಜನಿಕರಿಗೆ ತೆರೆದ ಕಾನೂನು ಗ್ರಂಥಾಲಯ ಇದೆ, ಅಲ್ಲಿ ಮಾದರಿ ಫಾರಂಗಳು ಸಿಗುತ್ತವೆ.

ಹೆಸರುಗಳ ಬಗ್ಗೆ ನಾನು ಇಷ್ಟು ಹೇಳಲು ಇನ್ನೊಂದು ಕಾರಣ ಇದೆ. 2022ರ ಜುಲೈಯಿಂದ ಕ್ಯಾಲಿಫೋರ್ನಿಯಾದ ರೆಕಾರ್ಡರ್ ಕಚೇರಿಗಳು ಹಳೇ ಪತ್ರಗಳಲ್ಲಿರುವ ಜನಾಂಗ ಭೇದದ ಷರತ್ತುಗಳನ್ನು ಹುಡುಕಿ, ಅವನ್ನು ಹೊಡೆದುಹಾಕಿದ ಪ್ರತಿ ರೆಕಾರ್ಡ್ ಮಾಡಬೇಕು. ಆ ಕೆಲಸದಲ್ಲಿ ನಾನೂ ಇದ್ದೆ. ಹಳೇ ಪುಟಗಳನ್ನು ಒಂದೊಂದಾಗಿ ಓದಿದೆ. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡಕೂಡದು, ಮನೆಗೆಲಸದವರ ಹೊರತು, ಅಂತ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದಾರೆ. ಚರಂಡಿ, ಬೇಲಿಯ ಷರತ್ತುಗಳ ಮಧ್ಯೆ ಅದೂ ಒಂದು. ಕೋರ್ಟಿನ ಮೂಲಕ ಇಂಥ ಷರತ್ತು ಜಾರಿ ಮಾಡುವ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ.

ಅದಕ್ಕೂ ಹಿಂದೆ, 1913ರಲ್ಲಿ, ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶೀಯರು ಕೃಷಿ ಭೂಮಿ ಕೊಳ್ಳಬಾರದು ಅಂತ ಇಲ್ಲಿ ಕಾನೂನು ಬಂತು. 1923ರಲ್ಲಿ, ಅಮೆರಿಕದ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಪ್ರಕರಣದಲ್ಲಿ, ಭಾರತೀಯರೂ ಅರ್ಹರಲ್ಲ ಅಂತ ತೀರ್ಪಾಯಿತು. ಇಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿನವರು ಪರಿಚಯದ ಬಿಳಿಯರ ಹೆಸರಲ್ಲೋ, ಇಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲೋ ಜಮೀನು ಮಾಡಿಸಿದರು. ಉತ್ತವರ ಹೆಸರು ಪುಸ್ತಕದಲ್ಲಿ ಬರಲೇ ಇಲ್ಲ. ಆ ಕಾನೂನು ಪೂರ್ತಿ ರದ್ದಾದದ್ದು 1956ರಲ್ಲಿ. ಆ ಪುಟಗಳನ್ನು ಓದಿದ ಮೇಲೆ, ಇಂಡೆಕ್ಸಿನಲ್ಲಿ ನಮ್ಮ ಹೆಸರೊಂದು ಕಂಡಾಗ ಅದರ ಅಕ್ಷರ ಸರಿ ಇದೆಯಾ ಅಂತ ಎರಡು ಸಲ ನೋಡುತ್ತೇನೆ.

ಆ ಅಮ್ಮ ಮೂರು ವಾರ ಬಿಟ್ಟು ಮಗನ ಜೊತೆ ಬಂದರು. ಜಂಟಿ ಮಾಲೀಕರ ಮರಣದ ಅಫಿಡವಿಟ್ ತಯಾರಾಗಿತ್ತು, ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿ ಲಗತ್ತಿಸಿದ್ದರು. ಹಳೇ ಪತ್ರದ ನಂಬರ್ ಅವತ್ತಿನ ಚೀಟಿ ನೋಡಿಕೊಂಡೇ ಬರೆದಿದ್ದರು. ಯಜಮಾನರ ಹೆಸರು ಹಳೇ ಪತ್ರದಲ್ಲಿದ್ದ ಹಾಗೆ, ಪಕ್ಕದಲ್ಲಿ ಜನ ಕರೆಯುತ್ತಿದ್ದ ಹೆಸರೂ ಇತ್ತು. ನಾನು ಎರಡನ್ನೂ ಇಂಡೆಕ್ಸಿಗೆ ಹಾಕಿದೆ. ಮೇಲಿನ ಬಲಮೂಲೆಯ ಖಾಲಿ ಜಾಗದಲ್ಲಿ ನಂಬರ್, ದಿನಾಂಕ, ಸಮಯ ಬಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಆ ಹೆಸರಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು. "ಮಾವನವರ ಹೆಸರೂ ಇದೆ ನೋಡು" ಅಂತ ಮಗನಿಗೆ ತೋರಿಸಿದರು.