ಐದೂವರೆ ಗಂಟೆಯ ಸಾಲು

ಬೆಳಗ್ಗೆ ಹತ್ತಕ್ಕೆ ಅಪ್ಪನ ಕಂಪ್ಯೂಟರಿನಲ್ಲಿ ನಿನ್ನೆಯ ರಾತ್ರಿ ಎಂಟೂವರೆ! ಕಾಲವಲಯ ಅಮೆರಿಕದ ಪಶ್ಚಿಮ ಕರಾವಳಿಯದಾಗಿತ್ತು.

ಮುಳ್ಳನ್ನಷ್ಟೇ ತಿದ್ದಿದರೆ ಸಾಲದು. ವಲಯವನ್ನೇ ಬದಲಿಸಬೇಕು, ಇಲ್ಲವಾದರೆ ಅಂತರ್ಜಾಲದಿಂದ ಸಮಯ ಹೊಂದಿಕೊಂಡ ಕೂಡಲೇ ಮತ್ತೆ ಅದೇ ಕಥೆ.

ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋದೆ. ಹೆಚ್ಚಿನವು ಪೂರ್ತಿ ಗಂಟೆಯ ಸಾಲುಗಳು. ನಮ್ಮದು +5:30, ಎಂದರೆ ಲಂಡನ್ ಬಳಿಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ: ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ. ಬೆಂಗಳೂರಿನ ಹೆಸರಿಲ್ಲ, ಸ್ವಲ್ಪ ನೋವಾಯಿತು.

ಆದರೂ ಆ ಅರ್ಧ ಗಂಟೆಯ ಮೇಲೆ ನನಗೆ ಬಲು ಪ್ರೀತಿ. 1906ರಲ್ಲಿ ಬಂದದ್ದು, ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ಅರುಣಾಚಲದಲ್ಲಿ ಬಿಸಿಲೇರಿರುತ್ತದೆ, ಕಛ್‌ನಲ್ಲಿ ಇನ್ನೂ ಕತ್ತಲು. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ. ಎಷ್ಟು ದೊಡ್ಡ ಹೊಂದಾಣಿಕೆ!

ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಯಾವ ವಲಯವಿದೆ, ಒಮ್ಮೆ ನೋಡಿ.